ಗೋಡೆ ಉಸಿರಾಡಬೇಕಿತ್ತು

"ಗೋಡೆ ಒಮ್ಮೆ ಉಸಿರೆಳೆದುಕೊಂಡಿತು. ಆಗ ಊರಿಗೆ ಬೆಳಗಾಯಿತು."

ಕಥೆಯಲ್ಲಿ ಇದ್ದದ್ದು ಇಷ್ಟೇ, ಎರಡು ವಾಕ್ಯ. ಇದನ್ನು ಕ್ಯಾಮೆರಾದ ಮುಂದೆ ನಿಲ್ಲಿಸುವುದಕ್ಕೆ ನಮಗೆ ಎರಡೂವರೆ ತಿಂಗಳು ಬೇಕಾಯಿತು. ಆ ಸಿನಿಮಾಕ್ಕೆ ನಾನು ಕಲಾ ನಿರ್ದೇಶಕಿ. ಹಾಗಾಗಿ ಗೋಡೆಯ ಕಷ್ಟ ನನ್ನ ಪಾಲಿಗೆ ಬಂತು.

ಕಥೆ ಹೀಗಿದೆ. ದೂರದ ಒಂದು ಗ್ರಹದಲ್ಲಿ, ನೆಲದ ಅಡಿಯಲ್ಲಿ, ಒಂದು ಊರು. ಮೇಲೆ ಗಾಳಿಯಿಲ್ಲ. ಊರಿನ ನಡುವೆ ಒಂದು ಗೋಡೆಯಿದೆ. ಅದು ಕಟ್ಟಿದ್ದಲ್ಲ, ಬೆಳೆದದ್ದು. ಅದು ಬಿಡುವ ಉಸಿರನ್ನೇ ಎಳೆದುಕೊಂಡು ಜನ ಬದುಕುತ್ತಾರೆ. ತಲೆಮಾರುಗಳು ಕಳೆದ ಮೇಲೆ ಅದಕ್ಕೆ ಜೀವವಿದೆ ಅನ್ನುವುದೇ ಎಲ್ಲರಿಗೂ ಮರೆತುಹೋಗಿದೆ. ಅದನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿಗೆ ಮಾತ್ರ ಅದು ಸಾಯುತ್ತಿರುವುದು ಗೊತ್ತಾಗುತ್ತದೆ. ಕೊನೆಗೆ ಗೋಡೆ ನಿಂತುಹೋಗುತ್ತದೆ. ಇನ್ನು ನಮ್ಮ ಕಥೆ ಮುಗಿಯಿತು ಎಂದು ಕೂತ ಜನ, ಬೇರೆ ದಾರಿಯೇ ಇಲ್ಲದೆ, ಯಾರೂ ಎಂದೂ ಮುಟ್ಟದ ಮೇಲಿನ ಬಾಗಿಲನ್ನು ತೆಗೆಯುತ್ತಾರೆ. ಹೊರಗೆ ಗಾಳಿಯಿರುತ್ತದೆ. ಅಷ್ಟು ಕಾಲವೂ ಗೋಡೆ ತನ್ನ ಉಸಿರಿನ ಅರ್ಧವನ್ನು ಮೇಲಕ್ಕೂ ಬಿಡುತ್ತಿತ್ತು.

ಬರೆದವರು ಗೌನಿಪಲ್ಲಿಯ ಕಡೆಯ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು. ನಿರ್ದೇಶಕರೂ ನಾನೂ ಅನುಮತಿ ಕೇಳಲು ಹೋದಾಗ ಅವರು ತೋಟದಲ್ಲಿ ಏಣಿ ಹಾಕಿಕೊಂಡು ಮಾವಿನ ಒಣಕೊಂಬೆ ಕತ್ತರಿಸುತ್ತಿದ್ದರು. ಇಳಿಯದೆ ಅಲ್ಲಿಂದಲೇ ಮಾತಾಡಿದರು.

"ಹೆಸರು ಬದಲಾಯಿಸ್ಕೊಳ್ಳಿ, ಜನ ಸೇರಿಸ್ಕೊಳ್ಳಿ, ಹಾಡು ಬೇಕಾದ್ರೂ ಹಾಕ್ಕೊಳ್ಳಿ. ಎರಡು ಮಾತ್ರ ಮುಟ್ಟಬೇಡಿ. ಗೋಡೆಗೆ ಜೀವ ಇರ್ಬೇಕು. ಕೊನೇಲಿ ಬಾಗಿಲು ಇರ್ಬೇಕು."

ನಿರ್ದೇಶಕರು ತಲೆಯಾಡಿಸಿದರು. ಹಾಡು ನಾವು ಹಾಕಲಿಲ್ಲ.

ನೆಲದಡಿಯ ಊರಿಗೆ ಜಾಗ ಸಿಕ್ಕಿದ್ದು ಮಾಲೂರಿನಲ್ಲಿ, ಬೆಂಕಿ ಆರಿ ವರ್ಷಗಳಾಗಿದ್ದ ಒಂದು ಹಳೆಯ ಹೆಂಚಿನ ಕಾರ್ಖಾನೆಯ ಭಟ್ಟಿಯೊಳಗೆ. ಉದ್ದನೆಯ ಸುರಂಗ, ಮೇಲೆ ಇಟ್ಟಿಗೆಯ ಕಮಾನು, ಪಕ್ಕದಲ್ಲಿ ಸಾಲಾಗಿ ಬಗ್ಗಿ ನುಗ್ಗಬೇಕಾದ ಬಾಗಿಲುಗಳು. ಶಾಖ ತಿಂದು ತಿಂದು ಇಟ್ಟಿಗೆಯ ಮೈ ಗಾಜಿನ ಹಾಗೆ ಮಿನುಗುತ್ತಿತ್ತು. ನಾನು ಬಣ್ಣ ಹಚ್ಚುವ ಅಗತ್ಯವೇ ಇರಲಿಲ್ಲ. ಸುರಂಗದ ತುದಿಯಲ್ಲಿ ಇಪ್ಪತ್ತನಾಲ್ಕು ಅಡಿ ಅಗಲದ ಜಾಗ ಖಾಲಿ ಬಿಟ್ಟೆವು. ಗೋಡೆ ಅಲ್ಲಿ ಬರಬೇಕು.

ಮೊದಲ ಯೋಜನೆ ಗ್ರಾಫಿಕ್ಸ್. ಹಸಿರು ಬಟ್ಟೆ ಕಟ್ಟಿ ಚಿತ್ರೀಕರಿಸುವುದು, ಆಮೇಲೆ ಕಂಪ್ಯೂಟರಿನಲ್ಲಿ ಗೋಡೆ ಕೂರಿಸುವುದು. ಪರೀಕ್ಷೆಗೆಂದು ಅರ್ಧ ನಿಮಿಷದ ತುಣುಕು ಮಾಡಿಸಿ ಮೇಷ್ಟ್ರ ಮನೆ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದೆವು. ಮೇಷ್ಟ್ರು ಎರಡು ಸಲ ನೋಡಿ ಕನ್ನಡಕ ತೆಗೆದರು.

"ಇದು ಅಲ್ಲಾಡ್ತಾ ಇದೆ ಅಷ್ಟೇ ಕಣಮ್ಮ. ಉಸಿರಾಡ್ತಾ ಇಲ್ಲ."

ಅವರ ಮಾತಿಗಿಂತ ನಿರ್ದೇಶಕರನ್ನು ಹೆಚ್ಚು ಅಲುಗಾಡಿಸಿದ್ದು ನಟಿಯ ಮಾತು. ಗೋಡೆ ಕಾಯುವ ಹೆಂಗಸಿನ ಪಾತ್ರ ಅವರದು. ಮೂವತ್ತು ವರ್ಷ ರಂಗಭೂಮಿಯಲ್ಲಿದ್ದವರು. ಹಸಿರು ಬಟ್ಟೆಯ ಮೇಲೆ ಅಂಗೈ ಇಟ್ಟು ಒಂದು ಗಂಟೆ ಪ್ರಯತ್ನಿಸಿದ ಮೇಲೆ, "ಇದು ಸತ್ತರೆ ನನಗೇನು?" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದರು.

ಗೋಡೆಯನ್ನು ಕೈಯಿಂದಲೇ ಮಾಡೋಣ ಎಂದು ನಾನು ಹೇಳಿದ್ದು ಅವತ್ತು.

ಮೊದಲನೆಯದನ್ನು ಸ್ಪಂಜು, ರಬ್ಬರು, ಥರ್ಮೋಕೋಲಿನಿಂದ ಮಾಡಿದೆವು. ಹಿಂದಿನಿಂದ ಬ್ಲೋವರ್ ಇಟ್ಟು ಗಾಳಿ ಊದಿದರೆ ಉಬ್ಬಬೇಕು. ಉಬ್ಬಿತು, ಜಾತ್ರೆಯ ಬಲೂನಿನ ಹಾಗೆ. ಮಧ್ಯಾಹ್ನದ ಸೆಕೆಗೆ ಅಂಟು ಬಿಟ್ಟು ಒಂದು ಮೂಲೆ ಕಳಚಿಕೊಂಡಿತು. ನಿರ್ದೇಶಕರು ಹೊರಗೆ ಹೋಗಿ ನಿಂತರು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಚೌಕಟ್ಟಿಗೆ ಬಿದಿರು ಬೇಕೆಂದು ಹುಡುಕುತ್ತ ಹುತ್ತೂರಿಗೆ ಹೋದೆ. ಅಲ್ಲಿ ರೇಷ್ಮೆ ಸಾಕುವ ಒಬ್ಬ ಹಿರಿಯಕ್ಕನ ಹುಳು ಮನೆಯ ಅಟ್ಟದ ಮೇಲೆ ಹಳೆಯ ಬಿದಿರಿನ ಚಂದ್ರಿಕೆಗಳು ಒರಗಿದ್ದವು. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ತಟ್ಟೆಗಳು ಅವು, ಬಾಗಿಲಿನಷ್ಟು ದೊಡ್ಡವು. ಬಿದಿರಿನ ಪಟ್ಟಿ ನಡುವಿನಿಂದ ಸುತ್ತು ಸುತ್ತಾಗಿ ಹೊರಗೆ ಬರುತ್ತದೆ. ಈಗ ಪ್ಲಾಸ್ಟಿಕ್ಕಿನವು ಬಂದ ಮೇಲೆ ಇವನ್ನು ಕೇಳುವವರಿಲ್ಲ. ಕೆಳಗೆ ಒಂದರಲ್ಲಿ ಮಾತ್ರ ಗೂಡುಗಳಿದ್ದವು. ಅಕ್ಕ ಅದನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದರು. ಹಳದಿ ಗೂಡುಗಳ ಮೈಯಲ್ಲಿ ಬೆಳಕು ತೂರಿ ಬಂತು. ಒಂದೊಂದರೊಳಗೂ ಒಂದು ಕಪ್ಪು ಚುಕ್ಕೆ.

"ಒಳಗಿರೋದು ಹುಳಾನಾ ಅಕ್ಕ?"

"ಹೂಂ. ಕೋಶ ಆಗೈತೆ. ಮಲಗೈತೆ, ಸತ್ತಿಲ್ಲ."

ಅವತ್ತು ಇಪ್ಪತ್ತನಾಲ್ಕು ಚಂದ್ರಿಕೆಗಳನ್ನು ಕೇಳಿ, ಟೆಂಪೋಗೆ ಹಾಕಿಸಿಕೊಂಡು ಮಾಲೂರಿಗೆ ಬಂದೆ.

ಚಂದ್ರಿಕೆಗಳ ಬೆನ್ನಿಗಿದ್ದ ಬಿದಿರಿನ ಚಾಪೆ ಬಿಚ್ಚಿ ಸುತ್ತುಪಟ್ಟಿಗಳನ್ನಷ್ಟೇ ಉಳಿಸಿಕೊಂಡೆವು. ಪ್ರತಿ ಚಂದ್ರಿಕೆಯ ಹಿಂದೆ ಒಂದು ಗಾಳಿಯಾಡದ ಪೆಟ್ಟಿಗೆ. ಪೆಟ್ಟಿಗೆಯ ಮುಂಭಾಗಕ್ಕೆ ಬೆಳಕು ತೂರುವಷ್ಟು ತೆಳ್ಳನೆಯ ರಬ್ಬರ್ ಹಾಳೆ, ಅದರ ಮೇಲೆ ಮಲ್ ಬಟ್ಟೆ. ಬಟ್ಟೆಗೆ ಗೂಡುಗಳನ್ನು ಹೊಲಿಯಬೇಕು. ಪೆಟ್ಟಿಗೆಯ ಬೆನ್ನಿಗೆ ಪಾರದರ್ಶಕ ಹಾಳೆ, ಆಚೆ ಬಲ್ಬು. ಹತ್ತಿಪ್ಪತ್ತು ಗೂಡು ಹೊಲಿದು ದೀಪ ಹಚ್ಚಿದಾಗ ನಿರ್ದೇಶಕರು ಮೊದಲ ಸಲ ನಕ್ಕರು. ಬ್ಲೋವರ್ ಹಾಕಿದೆವು. ನಗು ನಿಂತಿತು. ಮತ್ತದೇ ಬಲೂನು, ಈ ಸಲ ಸ್ವಲ್ಪ ಚೆಂದದ್ದು.

ಬ್ಲೋವರಿನ ಪೈಪು ಸರಿಮಾಡಲು ಶ್ರೀನಿವಾಸಪುರದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದ್ದೆ. ಹಸುಗಳ ಹಾಲು ಕರೆಯುವ ಯಂತ್ರ ರಿಪೇರಿ ಮಾಡುವುದು ಅವರ ದಿನದ ಕೆಲಸ. ಅವರು ಪೈಪು ಮುಟ್ಟಲೇ ಇಲ್ಲ. ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು.

"ಕಾದು ಮೇಡಂ," ಎಂದರು. ಅಲ್ಲ ಎನ್ನುವಾಗ ಅವರ ಬಾಯಿಗೆ ತೆಲುಗೇ ಮೊದಲು ಬರುವುದು. "ನೀವು ಊದ್ತಾ ಇದೀರ. ಊದಿದ್ರೆ ಅದು ಪೀಪಿ. ಉಸಿರು ಅಂದ್ರೆ ಎಳ್ಕೋಬೇಕು. ಎಳ್ದು, ಬಿಡ್ಬೇಕು. ಬಿಡೋದು ತಾನಾಗೇ ಆಗ್ತದೆ."

ಮರುದಿನ ಹಳೆಯದೊಂದು ಹಾಲಿನ ಯಂತ್ರದ ವ್ಯಾಕ್ಯೂಮ್ ಪಂಪು ಬೈಕಿನ ಹಿಂದೆ ಕಟ್ಟಿಕೊಂಡು ಬಂದರು. ಕೆಚ್ಚಲಿಗೆ ಹಾಕುವ ಕೊಳವೆಯನ್ನು ಪೆಟ್ಟಿಗೆಗೆ ಜೋಡಿಸಿದರು. ಪಂಪು ಗಾಳಿ ಎಳೆಯಿತು. ರಬ್ಬರ್ ಹಾಳೆ ಹಿಂದಕ್ಕೆ ಹೋಯಿತು, ಗೂಡುಗಳು ಬಿದಿರಿನ ಸುತ್ತುಗಳ ನಡುವೆ ಒಳಕ್ಕೆ ಇಳಿದವು. ಬಿಟ್ಟಾಗ, ಯಾರೂ ನೂಕದೆ, ಮೆಲ್ಲಗೆ ಮುಂದಕ್ಕೆ ಬಂದವು. ನನ್ನ ತೋಳಿನ ಮೇಲೆ ಕೂದಲು ನಿಮಿರಿದ್ದು ನೆನಪಿದೆ.

ಆದರೆ ಹಾಲಿನ ಯಂತ್ರದ ಲಯ ನಿಮಿಷಕ್ಕೆ ಅರವತ್ತರ ಹತ್ತಿರ. ತಿರುಪು ತಿರುಗಿಸಿ ಎಷ್ಟು ನಿಧಾನ ಮಾಡಿದರೂ ಗೋಡೆ ಓಡಿಬಂದ ನಾಯಿಯ ಹಾಗೆ ಏದುತ್ತಿತ್ತು. ನಮಗೆ ಬೇಕಾದದ್ದು ನಿಮಿಷಕ್ಕೆ ಹನ್ನೆರಡು, ಸಾಯುವಾಗ ಇನ್ನೂ ಕಡಿಮೆ. ಮೂರು ದಿನ ಅದರಲ್ಲೇ ಕಳೆಯಿತು. ಕೊನೆಗೆ ಮೆಕ್ಯಾನಿಕ್ ಲಯದ ಭಾಗವನ್ನೇ ಬಿಚ್ಚಿ ಬದಿಗಿಟ್ಟರು. ಒಂದೊಂದು ಕೊಳವೆಯ ನಡುವೆಯೂ ಒಂದು ತೂತು ಕೊರೆದರು. ತೂತಿನ ಮೇಲೆ ಬೆರಳಿಟ್ಟರೆ ಗೋಡೆ ಒಳಗೆಳೆಯುತ್ತದೆ, ಬೆರಳೆತ್ತಿದರೆ ಬಿಡುತ್ತದೆ. ಕೊಳಲಿನ ಹಾಗೆ.

"ಈಗ ಬೆರಳು ಬೇಕು ಮೇಡಂ," ಎಂದರು.

ಚಂದ್ರಿಕೆಗಳನ್ನು ಮೂರು ಮೂರರಂತೆ ಎಂಟು ಸಾಲಾಗಿ ನಿಲ್ಲಿಸಿದ್ದೆವು. ಒಬ್ಬೊಬ್ಬರಿಗೆ ಒಂದು ಸಾಲು, ಮೂರು ತೂತು, ಮೂರು ಬೆರಳು. ಮೊದಲು ನಮ್ಮ ತಂಡದವರನ್ನೇ ಕೂರಿಸಿದೆ. ಒರಟು ಕೈ; ಬೆರಳನ್ನು ಪಟಕ್ಕನೆ ಇಡುತ್ತಿದ್ದರು, ಪಟಕ್ಕನೆ ಎತ್ತುತ್ತಿದ್ದರು. ಗೋಡೆಗೆ ಬಿಕ್ಕಳಿಕೆ ಬಂದ ಹಾಗಿತ್ತು. ಹಣ್ಣು ಹುಳವನ್ನು ನೋಯಿಸದೆ ಎತ್ತಿಡುವ ಕೈಗಳು ನನಗೆ ನೆನಪಾದವು. ಹುತ್ತೂರಿಗೆ ಫೋನ್ ಮಾಡಿದೆ. ಹಿರಿಯಕ್ಕ ತಮ್ಮೂರಿನ ಏಳು ಜನ ಹೆಂಗಸರನ್ನು ಕರೆದುಕೊಂಡು ಬಂದರು.

ಮೊದಲ ದಿನ ಅವರಿಗೆ ನಗುವೋ ನಗು. "ಗೋಡೆಗೆ ಉಸಿರು ಹಾಕೋ ಕೂಲಿ ಅಂತೆ ಕಣೇ!" ಎರಡನೆಯ ದಿನ ನಗು ನಿಂತಿತು. ಗೋಡೆಯ ಹಿಂದೆ ಸಾಲಾಗಿ ಕೂತು, ಮುಂದೆ ಇಟ್ಟ ಸಣ್ಣ ಟಿವಿಯಲ್ಲಿ ನಟಿಯ ಮುಖ ನೋಡುತ್ತ, ಆಕೆ ಉಸಿರೆಳೆದಾಗ ಬೆರಳಿಡುವುದು, ಬಿಟ್ಟಾಗ ಎತ್ತುವುದು. ಎಂಟೂ ಜನ ಒಟ್ಟಿಗೆ ಮಾಡಿದರೆ ಯಂತ್ರದ ಹಾಗೆ ಕಾಣುತ್ತಿತ್ತು. "ಪಕ್ಕದವಳು ಶುರು ಮಾಡಿದ ಮೇಲೆ ನಾನು ಮಾಡ್ತೀನಿ, ಗಾಳಿಗೆ ರಾಗಿ ಹೊಲ ಬಾಗೋ ಹಂಗೆ," ಎಂದು ಹಿರಿಯಕ್ಕನೇ ಹೇಳಿದರು. ಅಲೆ ಎಡದಿಂದ ಬಲಕ್ಕೆ ಸಾಗತೊಡಗಿತು. ಐದನೆಯ ದಿನದ ಹೊತ್ತಿಗೆ ಟಿವಿ ನೋಡದೆಯೇ ನಟಿಯ ಉಸಿರು ಅವರಿಗೆ ಗೊತ್ತಾಗುತ್ತಿತ್ತು. ನಟಿ ಹೇಳಿದರು: "ನಾನು ಉಸಿರು ಹಿಡಿದರೆ ಗೋಡೆಯೂ ಹಿಡಿಯುತ್ತೆ. ಭಯ ಆಗುತ್ತೆ ನನಗೆ." ಅವರಿಗೆ ಆಗಬೇಕಿದ್ದದ್ದೂ ಅದೇ.

ಇನ್ನು ನನ್ನ ತಪ್ಪಿನ ವಿಷಯ.

ಗೂಡುಗಳನ್ನು ಚಿತ್ರೀಕರಣಕ್ಕೆ ಸರಿಯಾಗಿ ಮೂರು ದಿನ ಮುಂಚೆ ತರಿಸಿದೆ. ಆರು ಸಾವಿರದಷ್ಟು. ರೇಷ್ಮೆಯವರು ಸಾಮಾನ್ಯವಾಗಿ ಹಬೆ ಕೊಟ್ಟು ಒಳಗಿನ ಕೋಶವನ್ನು ಕೊಲ್ಲುತ್ತಾರೆ. ಹಬೆ ಕೊಟ್ಟರೆ ಗೂಡಿನ ಹೊಳಪು ಇಳಿಯುತ್ತದೆ. "ಎಷ್ಟು ದಿನ ಇಟ್ಕೋತೀರ?" ಎಂದು ಅಕ್ಕ ಕೇಳಿದ್ದರು. ಹೊಲಿಯಲು ಮೂರು, ಚಿತ್ರೀಕರಣಕ್ಕೆ ಮೂರು, ಒಟ್ಟು ಆರು ಎಂದಿದ್ದೆ. "ಆರಾದ್ರೆ ಹಬೆ ಬೇಡ, ಅದರ ಮೇಲೆ ಆಗಾಕಿಲ್ಲ," ಎಂದಿದ್ದರು. ಎರಡು ದಿನ ಸುಸೂತ್ರವಾಗಿ ನಡೆಯಿತು. ಉಳಿದದ್ದು ಕೊನೆಯ ದೃಶ್ಯ, ಗೋಡೆ ಸಾಯುವುದು. ಅಷ್ಟರಲ್ಲಿ ನಟಿಗೆ ಜ್ವರ ಬಂತು. ನಾಲ್ಕು ದಿನ ಕೆಲಸ ನಿಂತಿತು. ಹುತ್ತೂರಿನವರು ಊರಿಗೆ ಹೋದರು. ನಾನು ದಿನ ಎಣಿಸುವುದನ್ನು ಮರೆತೆ.

ಐದನೆಯ ಬೆಳಿಗ್ಗೆ ಎಲ್ಲರೂ ಮರಳಿ ಬಂದರು. ಹಿರಿಯಕ್ಕ ನನಗಿಂತ ಮುಂಚೆ ಭಟ್ಟಿಯೊಳಗೆ ಹೋಗಿದ್ದರು. ಅಲ್ಲಿಂದಲೇ ಕೂಗಿದರು.

"ಮೇಡಂ, ಚಿಟ್ಟೆ ಬಿಟ್ಟವೆ!"

ದೀಪ ಹಚ್ಚಿಸಿ ನೋಡಿದೆ. ಗೋಡೆಯ ತುಂಬ ಬಿಳಿಯ ಪತಂಗಗಳು. ಹಾರಲಾರದ ಜೀವಗಳು, ಗೂಡಿನ ಬಾಯಲ್ಲಿ ಕೂತು ಒದ್ದೆ ರೆಕ್ಕೆ ನಡುಗಿಸುತ್ತಿದ್ದವು. ಅಲ್ಲಲ್ಲಿ ಬಟ್ಟೆಯ ಮೇಲೆ ಕಂದು ಕಲೆ. ಇನ್ನೂ ನೂರಾರು ಹೊರಬರುತ್ತಿದ್ದವು.

ನಿರ್ದೇಶಕರು ಬಂದವರೇ ನಿಂತುಬಿಟ್ಟರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, "ಕ್ಯಾಮೆರಾ ತನ್ನಿ. ಏನೂ ಮುಟ್ಟಬೇಡಿ. ಕಾಸು ಕೊಟ್ಟರೂ ಇಂಥದ್ದು ಸಿಗಲ್ಲ," ಎಂದರು. ಗೋಡೆ ಸಾಯುತ್ತದೆ, ಅದರೊಳಗಿಂದ ರೆಕ್ಕೆಗಳು ಬರುತ್ತವೆ. ಅವರ ಕಣ್ಣಲ್ಲಿ ನೀರಿತ್ತು. ನಿಜ ಹೇಳಬೇಕೆಂದರೆ, ನನಗೂ ಅದು ಬೇಕೆನಿಸಿತು. ನನ್ನ ತಪ್ಪು ಅದರಲ್ಲಿ ಮುಚ್ಚಿಹೋಗುತ್ತಿತ್ತು.

ಕೊನೆಯ ದೃಶ್ಯ ನೋಡಲೆಂದು ಮೇಷ್ಟ್ರು ಅವತ್ತು ಬಸ್ಸು ಹಿಡಿದು ಬಂದಿದ್ದರು. ಒಂದು ಪತಂಗವನ್ನು ಬೆರಳ ಮೇಲೆ ಹತ್ತಿಸಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ," ಎಂದರು. "ಆದ್ರೆ ಇದು ಬೇರೆ ಕಥೆ."

"ಸಾರ್, ಜನ ಎದ್ದು ಚಪ್ಪಾಳೆ ಹೊಡೀತಾರೆ," ಎಂದರು ನಿರ್ದೇಶಕರು.

"ಹೊಡೀಲಿ. ಆದ್ರೆ ಗೋಡೆಯೊಳಗಿಂದ ಇನ್ನೊಂದು ಜೀವ ಬಂದ್ರೆ ಆ ಊರಿನವರು ಗೋಡೆ ಮುಂದೇನೇ ಕೂತಿರ್ತಾರೆ. ಮೇಲಿನ ಬಾಗಿಲು ಯಾಕೆ ತೆಗೀತಾರೆ? ಅವರಿಗೆ ನೋಡೋಕೆ ಏನೂ ಉಳೀಬಾರದಪ್ಪ. ಆಗಲೇ ಅವರು ತಲೆ ಎತ್ತೋದು."

ನಿರ್ದೇಶಕರು ನನ್ನ ಕಡೆ ತಿರುಗಿದರು. "ನೀವೇ ಹೇಳಿ. ಗೋಡೆ ನಿಮ್ಮದು."

ಇಡೀ ತಂಡ ನಿಂತಿತ್ತು. ಪತಂಗ ಇರಲಿ ಎಂದರೆ ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತಿತ್ತು. ನಾನು ನಟಿಯನ್ನು ನೋಡಿದೆ. ಅವರು ಗೋಡೆ ನೋಡುತ್ತಿದ್ದರು, ಮುಖದಲ್ಲಿ ಒಂದು ನಗು. ಎಳೆಗೂಸನ್ನು ನೋಡುವವರ ನಗು. ಆ ಮುಖ ಹೊತ್ತುಕೊಂಡು ಅವರು ಕೊನೆಯ ದೃಶ್ಯ ಮಾಡಲು ಸಾಧ್ಯವಿರಲಿಲ್ಲ. ಅದು ಕಂಡ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

"ಎಲ್ಲಾ ಬಿಚ್ಚಬೇಕು ಸಾರ್. ನಾಳೆ ಮಧ್ಯಾಹ್ನದವರೆಗೆ ಟೈಮ್ ಕೊಡಿ."

"ಆರು ಸಾವಿರ ಗೂಡು! ನಾಳೆ ಮಧ್ಯಾಹ್ನ!"

"ಕೊಡಿ ಸಾರ್."

ಅವರು ಸಿಟ್ಟಿನಲ್ಲೇ ಕ್ಯಾಮೆರಾವನ್ನು ವ್ಯಾನಿಗೆ ಹತ್ತಿಸಿಕೊಂಡು ಮುಳಬಾಗಿಲಿನ ಕಡೆ ಹೊರಟರು. ಬಾಗಿಲು ತೆರೆದಾಗ ಕಾಣುವ ಹೊರಲೋಕವನ್ನು ಆವನಿಯ ಆಚೆಯ ಬೋಳು ಬಂಡೆಗಳಲ್ಲಿ ತೆಗೆಯುವುದು ಹೇಗೂ ಬಾಕಿ ಇತ್ತು.

ಹೊಸ ಗೂಡು ಅಷ್ಟು ಬೇಗ ಎಲ್ಲಿ ಸಿಗುತ್ತದೆ? ದಾರಿ ಹೇಳಿದ್ದು ಹಿರಿಯಕ್ಕ. ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಗೂಡುಗಳನ್ನು ತುದಿಯಲ್ಲಿ ಕತ್ತರಿಸಿ ಕೋಶವನ್ನು ಹೊರತೆಗೆಯುತ್ತಾರೆ. ಖಾಲಿ ಗೂಡು ಮೂಟೆಗಟ್ಟಲೆ ಬಿದ್ದಿರುತ್ತದೆ. ಅವರಿಗೆ ಪರಿಚಯವಿದ್ದ ಅಂಥ ಒಂದು ಕಡೆಯಿಂದ ಮಧ್ಯಾಹ್ನಕ್ಕೆ ಮೂಟೆಗಳು ಬಂದವು. ಬಿಚ್ಚಿ ನೋಡಿದರೆ ಎಲ್ಲ ಬಿಳಿ. ನಮ್ಮ ಗೋಡೆ ಹಳದಿ. ಅರಿಶಿನ ಕಲಸಿದ ನೀರಲ್ಲಿ ಅದ್ದಿದೆವು. ಮದುವೆ ಮನೆಯ ಹಾಗೆ ಕಣ್ಣಿಗೆ ಹೊಡೆಯಿತು. ಟೀ ಡಿಕಾಕ್ಷನ್ ಬೆರೆಸಿದೆವು. ನಾಲ್ಕನೆಯ ಪಾತ್ರೆಗೆ ಬಣ್ಣ ಹದಕ್ಕೆ ಬಂತು. ಕಾರ್ಖಾನೆಯ ಅಂಗಳದಲ್ಲಿ, ಹಿಂದೆ ಹಸಿ ಹೆಂಚು ಒಣಗಿಸುತ್ತಿದ್ದ ಜಾಗದಲ್ಲಿ, ಗೂಡುಗಳನ್ನು ಹರಡಿದೆವು. ಪತಂಗಗಳನ್ನು ಹೆಂಗಸರು ಒಂದೊಂದಾಗಿ ಬಿಡಿಸಿ ಬುಟ್ಟಿಯಲ್ಲಿ ಹಾಕಿಕೊಂಡರು. ನಟಿ ತಾವೇ ಸೂಜಿ ಕೇಳಿ ಪಡೆದು ಕೂತರು. ಮೆಕ್ಯಾನಿಕ್ ಎರಡು ಗೂಡು ಹೊಲಿದು ಮೂರು ಸಲ ಬೆರಳು ಚುಚ್ಚಿಕೊಂಡು, "ಇದಕ್ಕಿಂತ ಎಮ್ಮೆ ಒದೆಯೋದೇ ವಾಸಿ," ಎಂದು ಎದ್ದುಹೋದರು. ಉಳಿದವರು ಹೊಲಿಯುತ್ತ ಹೋದೆವು, ಗೂಡಿನ ಕತ್ತರಿಸಿದ ಬಾಯಿ ಹಿಂದಕ್ಕೆ, ದುಂಡನೆಯ ತುದಿ ಮುಂದಕ್ಕೆ. ಮರುದಿನ ಹನ್ನೆರಡೂವರೆಗೆ ಕೊನೆಯ ಗೂಡನ್ನು ಹೊಲಿದೆವು.

ದೀಪ ಹಚ್ಚಿದೆವು. ಕೋಶಗಳಿಲ್ಲದ ಗೂಡುಗಳಲ್ಲಿ ಕಪ್ಪು ಚುಕ್ಕೆ ಇರಲಿಲ್ಲ; ಬೆಳಕು ಪೂರಾ ತೂರಿ ಬಂತು. ಛಾಯಾಗ್ರಾಹಕರು ಹತ್ತಿರ ಹೋಗಿ ನೋಡಿ ಹೇಳಿದರು: "ಮುಂಚಿನ ಶಾಟ್‌ಗಳಲ್ಲಿ ಒಳಗೆ ಏನೋ ಇತ್ತು. ಈಗ ಖಾಲಿ. ಸಾಯುತ್ತಿರೋದು ಹೀಗೇ ಕಾಣಬೇಕಲ್ವಾ?" ಮುಳಬಾಗಿಲಿನಿಂದ ಮರಳಿದ್ದ ನಿರ್ದೇಶಕರು ನನ್ನ ಮುಖ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಮಾಡೋಣ," ಎಂದರು.

ನಾಲ್ಕು ನಿಮಿಷದ ಒಂದೇ ಶಾಟ್. ನಟಿ ಅಂಗೈ ಇಟ್ಟು, ಹಣೆ ಆನಿಸಿ ನಿಂತರು. ಗೋಡೆ ಎಳೆದುಕೊಂಡಿತು, ಬಿಟ್ಟಿತು. ಒಂದನೆಯ ಸಾಲಿನ ಹೆಂಗಸು ಬೆರಳೆತ್ತಿ ಮತ್ತೆ ಇಡಲಿಲ್ಲ. ಅಲೆ ಎರಡನೆಯ ಸಾಲಿನಿಂದ ಶುರುವಾಯಿತು. ಆಮೇಲೆ ಮೂರರಿಂದ. ನಾನು ಗೋಡೆಯ ಹಿಂದೆ ಮೊಣಕಾಲೂರಿ ಕೂತು, ನಿಂತ ಸಾಲುಗಳನ್ನು ವಾಕಿಟಾಕಿಯಲ್ಲಿ ಮೆಲ್ಲಗೆ ಎಣಿಸುತ್ತ, ಸನ್ನೆ ಕೊಡುತ್ತಿದ್ದೆ. ಎಂಟನೆಯ ಸಾಲು ಹಿರಿಯಕ್ಕನದು. ಸನ್ನೆ ಕೊಟ್ಟೆ. ಅವರು ಎತ್ತಲಿಲ್ಲ. ಮತ್ತೆ ಕೊಟ್ಟೆ. ಟಿವಿಯ ಮೇಲೆ ನೆಟ್ಟ ಕಣ್ಣು ತೆಗೆಯದೆ ತಲೆಯಾಡಿಸಿದರು. ನಟಿ ಇನ್ನೂ ಉಸಿರು ಹಿಡಿದಿದ್ದರು. ಅವರು ಬಿಡುವವರೆಗೆ ಕಾದು, ಅಕ್ಕ ಮೂರು ಬೆರಳನ್ನೂ ಒಂದೊಂದಾಗಿ ಎತ್ತಿದರು.

ಆಗ ಇನ್ನೊಂದು ನಡೆಯಿತು. ಪಂಪಿನ ಸದ್ದು ಕೇಳಬಾರದೆಂದು ಅದನ್ನು ಸುರಂಗದ ಇನ್ನೊಂದು ತುದಿಯಲ್ಲಿ ಇಟ್ಟಿದ್ದೆವು. ಆದರೂ ಒಂದು ಸಣ್ಣ ಗುಂಯ್ ಎಲ್ಲ ದಿನವೂ ಕಿವಿಯಲ್ಲಿತ್ತು. ಕೇಳಿ ಕೇಳಿ ನಮಗೆ ಗೊತ್ತಾಗುತ್ತಿರಲಿಲ್ಲ. ಅದು ನಿಂತಿತು. ಅಂಥ ಮೌನವನ್ನು ನಾನು ಕೇಳಿರಲಿಲ್ಲ. ನಟಿ ತಲೆಯೆತ್ತಿ, ಮೆಲ್ಲಗೆ, ಮೇಲೆ ನೋಡಿದರು.

"ಕಟ್" ಎನ್ನಲು ನಿರ್ದೇಶಕರಿಗೆ ಬಹಳ ಹೊತ್ತು ಬೇಕಾಯಿತು.

ಪಂಪು ನಿಲ್ಲಿಸಲು ನಾನು ಹೇಳಿರಲಿಲ್ಲ. ವಾಕಿಟಾಕಿಯಲ್ಲಿ ನಾನು ಎಣಿಸುತ್ತಿದ್ದ ಸಾಲುಗಳನ್ನು ಮೆಕ್ಯಾನಿಕ್ ಆಚೆ ತುದಿಯಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ.

"ಗೋಡೆ ಸತ್ಮೇಲೆ ಮಿಷನ್ ಯಾಕೆ ಓಡ್ಬೇಕು ಮೇಡಂ?"

ನಿರ್ದೇಶಕರು ಅವರನ್ನು ತಬ್ಬಿಕೊಂಡರು. ಆಮೇಲೆ, ರಾತ್ರಿ ಅಲ್ಲೇ ಉಳಿದಿದ್ದ ಮೇಷ್ಟ್ರ ಮುಂದೆ ಹೋಗಿ ನಿಂತು, "ನೀವು ಹೇಳಿದ್ದೇ ಸರಿ ಸಾರ್," ಎಂದರು. ಮೇಷ್ಟ್ರು ನಿಂತುಹೋದ ಗೋಡೆಯ ಹತ್ತಿರ ಹೋಗಿ, ನಟಿ ಕೈಯಿಟ್ಟಿದ್ದ ಜಾಗದಲ್ಲೇ ತಾವೂ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು.

ಸಿನಿಮಾ ದೊಡ್ಡದೇನೂ ಅಲ್ಲ. ಕೋಲಾರದ ಚಿತ್ರಮಂದಿರದಲ್ಲಿ ಬೆಳಗಿನ ಆಟಕ್ಕೆ ಮಾತ್ರ ಒಂದು ವಾರ ಹಾಕಿದ್ದರು. ಭಾನುವಾರ ಹುತ್ತೂರಿನಿಂದ ಹಿರಿಯಕ್ಕ ಉಳಿದ ಏಳು ಹೆಂಗಸರನ್ನೂ ಅವರ ಮನೆಮಂದಿಯನ್ನೂ ಕರೆದುಕೊಂಡು ಬಂದಿದ್ದರು; ಎಂಟೂ ಜನ ಒಂದೇ ಸಾಲಿನಲ್ಲಿ, ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು. ನಾನು ಅವರ ಹಿಂದಿನ ಸಾಲಿನಲ್ಲಿದ್ದೆ. ಕೊನೆಯ ದೃಶ್ಯ ಬಂತು. ಮುಂದೆಲ್ಲೋ ಕಡಲೇಕಾಯಿ ಸುಲಿಯುತ್ತಿದ್ದ ಸದ್ದು ನಿಂತಿತು. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಉಸಿರು ನಿಲ್ಲಿಸುತ್ತ ಹೋದವು. ನಾಲ್ಕು ಸಾಲು ಮುಗಿದವು.

ಆಗ ಆ ಎಂಟರಲ್ಲಿ ಒಬ್ಬಳು, ನನ್ನ ಮುಂದಿದ್ದವಳು, ಪಕ್ಕದಲ್ಲಿದ್ದ ತನ್ನ ಅತ್ತೆಯ ತೋಳು ಹಿಡಿದು, ಅಷ್ಟು ಮೌನದಲ್ಲಿ ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದಳು.

"ಐದನೇದು ನೋಡು ಅತ್ತೆ. ಅದು ನಂದು."